ಎಳ್ಳು ಹಾಕಿದ ಮೊದಲ ರೊಟ್ಟಿ

ಬಾವಿಯ ಹತ್ತಿರ ಕಣ್ಣಿಗೆ ಕತ್ತಲೆ ಕವಿಯಿತು. ಕೊಡ ಉರುಳಿತು. ಎಚ್ಚರವಾದಾಗ ಅತ್ತೆ ನನ್ನ ತಲೆ ನೋಡುವ ಮೊದಲು ಕೊಡದ ನೆಗ್ಗು ನೋಡುತ್ತಿದ್ದರು. ಅದನ್ನು ಮರೆತಿಲ್ಲ.

ಹೆತ್ತು ಎಂಟು ತಿಂಗಳಾಗಿತ್ತು. ನಾಲ್ಕು ಹೆಜ್ಜೆ ನಡೆದರೆ ಎದೆ ಡವಗುಟ್ಟುತ್ತಿತ್ತು. ಮಗಳಿಗೆ ಹಾಲು ಸಾಲುತ್ತಿರಲಿಲ್ಲ. ಯಗಟಿಯಿಂದ ಬಸ್ಸು ಹತ್ತಿ ಕಡೂರಿಗೆ ಹೋದೆವು, ಅತ್ತೆ, ನಾನು, ಮಗು. ಲೇಡಿ ಡಾಕ್ಟರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು.

ಅನೀಮಿಯಾ, ಮೈಯಲ್ಲಿ ರಕ್ತ ಕಮ್ಮಿ.

ಟಾನಿಕ್ ಬರೆದುಕೊಟ್ಟು, "ಬೆಳಗಿನ ರೊಟ್ಟಿಗೆ ದಿನಾ ಎಳ್ಳು, ಹುಚ್ಚೆಳ್ಳು ಹಾಕಿ ಮಾಡಿ. ತಪ್ಪಿಸಬೇಡಿ" ಎಂದು ಅತ್ತೆಗೆ ಹೇಳಿದರು.

ಟಾನಿಕ್ ಒಂದು ಬಾಟಲಿಗೇ ನಿಂತಿತು. ಎಳ್ಳು ಮಾತ್ರ ತಪ್ಪಿಸಲಿಲ್ಲ. ಮಾರನೆಯ ದಿನದಿಂದಲೇ ಎಳ್ಳು ಹುರಿದು, ಹುಚ್ಚೆಳ್ಳು ಕುಟ್ಟಿ, ಅತ್ತೆ ಅಳೆದು ಕೊಟ್ಟ ರಾಗಿ ಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿದೆ. ಮನೆಯೆಲ್ಲಾ ಘಮಘಮ. ಮೊದಲು ಮಾವ, ಆಮೇಲೆ ಗಂಡ, ಮೈದುನರಿಬ್ಬರು, ಆಮೇಲೆ ಅತ್ತೆ. ಸೊಸೆ ಕೊನೆಗೆ. ನನ್ನ ತೌರು ಶಿವನಿಯಲ್ಲೂ ಅದೇ ಪದ್ಧತಿ, ಹಾಗಾಗಿ ನನಗೂ ಅದು ತಪ್ಪೆನ್ನಿಸಲಿಲ್ಲ. ಅಂಥ ರುಚಿಯ ರೊಟ್ಟಿಯನ್ನು ಯಾರು ಬಿಡುತ್ತಾರೆ? ನನ್ನ ಸರದಿ ಬರುವಷ್ಟರಲ್ಲಿ ಬೋಗುಣಿ ಖಾಲಿ.

"ಮುಗೀತು ಕಣೇ. ತಂಗಳು ಮುದ್ದೆ ಐತಲ್ಲ, ಮಜ್ಜಿಗೇಲಿ ಕಿವುಚ್ಕೊಂಡು ತಿನ್ನು" ಅನ್ನುತ್ತಿದ್ದರು ಅತ್ತೆ, ಹಲ್ಲಿನ ಸಂದಿಯ ಎಳ್ಳನ್ನು ನಾಲಿಗೆಯಿಂದ ಕೆದಕುತ್ತಾ.

ಎರಡು ತಿಂಗಳಲ್ಲಿ ಅತ್ತೆಯ ಕೆನ್ನೆ ತುಂಬಿಕೊಂಡಿತು. ನನ್ನ ಬಳೆ ಮೊಣಕೈಗೆ ಜಾರತೊಡಗಿತು.

ಮತ್ತೆ ಆಸ್ಪತ್ರೆ. "ಎಳ್ಳು ಹಾಕ್ತಿದ್ದೀರಾ?" ಡಾಕ್ಟರು ಕೇಳಿದರು.

"ದಿನಾ ಹಾಕ್ತೀವಿ ಕಣವ್ವ. ಒಂದಿನಾನೂ ತಪ್ಸಿಲ್ಲ" ಅಂದರು ಅತ್ತೆ.

ಸುಳ್ಳಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು.

"ಮತ್ತೆ ರಕ್ತ ಇನ್ನೂ ಯಾಕೆ ಕಮ್ಮಿಯಾಗಿದೆ? ಹೀಗೇ ಆದ್ರೆ ಈ ಮಗೂಗೆ ತಾಯಿ ಉಳಿಯೋಲ್ಲ."

ಬಸ್ಸಿನಲ್ಲಿ ಮಗುವನ್ನು ಅವಚಿಕೊಂಡು, ತಿಂದ ಒಂದೊಂದು ತಂಗಳು ಮುದ್ದೆಯನ್ನೂ ಊರು ಬರುವವರೆಗೆ ನೆನೆಸಿಕೊಂಡೆ.

ಮಾರನೆಯ ಬೆಳಿಗ್ಗೆ ಹಂಚಿನ ಮೇಲಿನ ಮೊದಲ ರೊಟ್ಟಿಯನ್ನು ನನ್ನ ತಟ್ಟೆಗೇ ಹಾಕಿಕೊಂಡು, ನಡುಮನೆಗೆ ಹೋಗಿ ಮಾವನ ಮಣೆಯ ಮೇಲೆ ಕೂತೆ. ಮುರಿದು ಬಾಯಿಗಿಟ್ಟೆ.

"ಲೇ, ಗಂಡಸ್ರಿನ್ನೂ ತಿಂದಿಲ್ಲ ಕಣೇ! ಮಾನ ಮರ್ಯಾದೆ ಐತಾ ನಿಂಗೆ?"

"ಇದು ಔಸ್ದಿ ಅತ್ತೆಮ್ಮ. ಒಂದಿನಾನೂ ತಪ್ಸಿಲ್ಲ ಅಂತ ನೀವೇ ಡಾಕ್ಟ್ರಿಗೆ ಹೇಳಿದ್ರಲ್ಲ. ನಿಮ್ಮ ಮಾತು ಸುಳ್ಳಾಗ್ಬಾರ್ದು."

ಮಾವ ನನ್ನನ್ನು ನೋಡಿದರು, ಮಗುವನ್ನು ನೋಡಿದರು. "ತಿನ್ನವ್ವ" ಅಂದರು. ನನ್ನ ಗಂಡ ಗೋಡೆ ನೋಡುತ್ತಿದ್ದರು.

ಇನ್ನೊಂದನ್ನೂ ಹಾಕಿಕೊಂಡು ತಿಂದೆ, ಆಮೇಲೆ ಗಂಡಸರಿಗೆ ಬಡಿಸಿದೆ. ಅತ್ತೆಯ ಸರದಿಗೆ ಹಿಟ್ಟು ತೀರಿತು.

"ಮುಗೀತು ಅತ್ತೆಮ್ಮ. ತಂಗಳು ಮುದ್ದೆ ಐತಲ್ಲ."

ಎರಡು ತಿಂಗಳಿಂದ ಜೋಪಾನ ಮಾಡಿದ್ದ ಮಾತು. ಅವರು ಮಜ್ಜಿಗೆಯಲ್ಲಿ ಕಿವುಚಿಕೊಂಡು ತಿಂದರು. ಪಾಪ ಅನ್ನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು.

ಈಗ ಅದೇ ನೆಗ್ಗಿದ ಕೊಡವನ್ನು ಹೊತ್ತು ಬಾವಿಯಿಂದ ಬರುತ್ತೇನೆ. ಮಗಳಿಗೆ ಹಾಲಿದೆ. ಆ ಡಾಕ್ಟರಮ್ಮನನ್ನು ನೆನೆದು ಕೈಮುಗಿಯುತ್ತೇನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ತಾನಾಗಿ ಬರಲೆಂದು ಕಾದಿದ್ದರೆ ಮಗಳು ತಬ್ಬಲಿಯಾಗುತ್ತಿದ್ದಳು. ಅತ್ತೆಗೂ ಈಗ ಎಳ್ಳಿನ ರೊಟ್ಟಿ ಕೊಡುತ್ತೇನೆ, ಬಿಸಿಬಿಸಿಯಾಗಿಯೇ ಕೊಡುತ್ತೇನೆ. ನಾನು ತಿಂದಾದ ಮೇಲೆ.