ಅಜ್ಜಿ ಹಾಡದ ಜೋಗುಳ

ಮಾರ್ಕಮ್‌ನಿಂದ ಬರ್ಲಿಂಗ್ಟನ್‌ವರೆಗೆ ಕೆನಡಾದ ನಮ್ಮವರು ಎಲ್ಲಿ ತೊಟ್ಟಿಲು ಕಟ್ಟಿದರೂ ಹಾಡುವ ಆ ಜೋಗುಳವಿದೆಯಲ್ಲ — ಅದನ್ನು ನಮ್ಮ ಅಜ್ಜಿ ಒಮ್ಮೆಯೂ ಹಾಡಿರಲಿಲ್ಲ. ಹಾಡುತ್ತಿದ್ದಳೆಂದು ಸುಳ್ಳು ಹೇಳಿದವಳು ನಾನು. ಅದರ ರಾಗ ಕಟ್ಟಿದವರು ಲೋಥರ್ ವೀಸೆನ್‌ಬಾಖ್ ಎಂಬ ಜರ್ಮನ್ ಸಂಗೀತಗಾರರು, ಥಾರ್ನ್‌ಹಿಲ್‌ನಲ್ಲಿ ನಮ್ಮ ಮನೆ ಮಾಲೀಕರಾಗಿದ್ದವರು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತಿದೆ. ಮೊದಲು ನನ್ನ ಮೇಲೆ — ಆಮೇಲೆ, ಮುಚ್ಚಿಡುವುದೇಕೆ, ಇದನ್ನು ಹಾಡುವ ನಿಮ್ಮ ಮೇಲೂ.

ಹುಬ್ಬಳ್ಳಿಯಿಂದ ಬಂದ ಹೊಸದರಲ್ಲಿ ನಾನು, ನನ್ನ ಗಂಡ, ಮಗಳು ಅನಘಾ ಮೂವರೂ ಲೋಥರ್ ಅವರ ಬೇಸ್‌ಮೆಂಟಿನಲ್ಲಿದ್ದೆವು. ಮೇಲೆ ಅವರ ಪಿಯಾನೊ, ಕೆಳಗೆ ನಮ್ಮ ಕುಕ್ಕರು. ಕುಕ್ಕರಿನ ಸೀಟಿ ಯಾವ ಸ್ವರದಲ್ಲಿದೆ ಎಂದು ಮೆಟ್ಟಿಲ ಮೇಲೆ ನಿಂತು ಹೇಳುತ್ತಿದ್ದರು. ಮದುವೆಯಾಗಿರಲಿಲ್ಲ. ಅನಘಾಗೆ ಪಿಯಾನೊ ಕಲಿಸಿದವರೂ ಅವರೇ.

ಅವರ ಕಥೆ ನನಗೆ ತುಂಡು ತುಂಡಾಗಿ ಗೊತ್ತು. ಉತ್ತರ ಜರ್ಮನಿಯ ಒಂದು ಸಣ್ಣ ಊರು. ತಂದೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಇವರು ಸೇರಿದ ಸಂಗೀತಶಾಲೆಯಲ್ಲಿ ಜನ ಗುನುಗಬಹುದಾದ ರಾಗ ಬರೆಯುವುದೇ ಒಂದು ಅಪರಾಧವಾಗಿತ್ತಂತೆ. ಇವರ ಮೊದಲ ಕೃತಿಯನ್ನು ನೋಡಿ ಗುರುಗಳು, ಇದು ಅಜ್ಜಿಯಂದಿರ ಸಂಗೀತ ಎಂದು ತರಗತಿಯ ಎದುರೇ ನಕ್ಕರಂತೆ. ಆಮೇಲೆ ಕೆನಡಾ. ಹಗಲು ಶಾಲೆಯಲ್ಲಿ ಮಕ್ಕಳಿಗೆ ಪಾಠ, ಭಾನುವಾರ ಚರ್ಚಿನಲ್ಲಿ ಆರ್ಗನ್, ಉಳಿದ ಹೊತ್ತೆಲ್ಲ ತಮ್ಮ ಬರವಣಿಗೆ. ಎರಡು ಸಿಂಫನಿ, ವಯಲಿನ್‌ಗಳಿಗೆಂದು ಬರೆದ ಎಷ್ಟೋ ಕೃತಿಗಳು — ಎಲ್ಲವೂ ಊಟದ ಕೋಣೆಯ ಕಪಾಟಿನಲ್ಲಿ ಪ್ಲೇಟುಗಳ ಕೆಳಗಿದ್ದವು. ಒಂದು ಸಿಂಫನಿಯನ್ನು ಒಂದು ವಾದ್ಯವೃಂದ ಅರ್ಧದವರೆಗೆ ಅಭ್ಯಾಸ ಮಾಡಿ, ನಿರ್ದೇಶಕರು ಬದಲಾದರೆಂದು ಕೈಬಿಟ್ಟಿತಂತೆ. ಇದನ್ನು ಅವರು ಬಸ್ಸು ತಪ್ಪಿದ ವಿಷಯ ಹೇಳಿದ ಹಾಗೆ ಹೇಳಿದರು. ಕೇಳಿದ ನನಗೆ ಮೈ ಉರಿಯಿತು. ಇಷ್ಟು ವರ್ಷ ಬರೆದವರ ಹೆಸರನ್ನು ಯಾರೂ ಒಮ್ಮೆ ವೇದಿಕೆಯಿಂದ ಹೇಳಲಿಲ್ಲವೆಂದರೆ ಇದೆಂಥ ಜನ ಅಂದೆ. ಹೌದು, ಅಂದವಳು ನಾನೇ.

ಅಷ್ಟು ಹೊತ್ತಿಗೆ ನಾವು ಮಾರ್ಕಮ್‌ನಲ್ಲಿ ಸ್ವಂತ ಮನೆ ಮಾಡಿದ್ದೆವು, ಆದರೂ ಹೋಗಿ ಬರುವುದು ನಿಂತಿರಲಿಲ್ಲ. ಅನಘಾ ದೊಡ್ಡವಳಾಗಿ, ಮದುವೆಯಾಗಿ ಬಸುರಿಯಾದಾಗ, ಕೂಸಿಗೆ ಏನು ಹಾಡುತ್ತೀರಿ ಎಂದು ಲೋಥರ್ ಕೇಳಿದರು. ನನಗೆ ನಾಚಿಕೆಯಾಯಿತು. ಹುಬ್ಬಳ್ಳಿ-ಧಾರವಾಡದವರೆಂದರೆ ಸಂಗೀತ ರಕ್ತದಲ್ಲೇ ಇರುತ್ತದೆ ಎಂದು ಇಲ್ಲಿಯವರೆಲ್ಲ ನಂಬಿದ್ದಾರೆ. ನಮ್ಮ ಮನೆಯಲ್ಲಿ ಹಾಡಲು ಬರುತ್ತಿದ್ದದ್ದು ರೇಡಿಯೊಗೆ ಮಾತ್ರ. ಅವ್ವನಿಗೆ ನಾಲ್ಕು ಸಾಲಿನ ಒಂದು ಜೋಗುಳ ಗೊತ್ತಿತ್ತು. ಅದನ್ನೂ ಅವಳು ಹಾಡುತ್ತಿರಲಿಲ್ಲ, ಸುಮ್ಮನೆ ಮಾತಿನ ಹಾಗೆ ಹೇಳುತ್ತಿದ್ದಳು. ಹಾಗಾದರೆ ಹೇಳು, ಅಂದರು ಲೋಥರ್. ಹೇಳಿದೆ. ಮತ್ತೆ ಹೇಳು, ಅಂದರು. ಎಲ್ಲಿ ನನ್ನ ದನಿ ಏರುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೆ ಎಂದು ಕಣ್ಣು ಮುಚ್ಚಿ ಕೇಳಿದರು. ಕೆಲವು ವಾರಗಳ ನಂತರ ಪಿಯಾನೊ ಮುಂದೆ ಕೂರಿಸಿ ಆ ರಾಗ ಕಲಿಸಿದರು. ಮೂರನೆಯ ಸಾಲಿನಲ್ಲಿ ಅದು ಪೂರ್ತಿ ಇಳಿದು, ಇನ್ನೇನು ಮುಗಿಯಿತು ಅನ್ನುವಾಗ ಮತ್ತೆ ಮೆಲ್ಲಗೆ ಏಳುತ್ತದೆ. ಕೂಸು ಮಲಗಿತೆಂದು ತಾಯಿ ಕೈ ತೆಗೆಯುತ್ತಾಳೆ, ಅದು ಕಣ್ಣು ಬಿಡುತ್ತದೆ, ಅವಳು ಮತ್ತೆ ತೂಗಬೇಕು — ಅದಕ್ಕೇ ಹಾಗೆ, ಎಂದು ನಕ್ಕರು. ನಾನು ಅನಘಾಳನ್ನು ಮಲಗಿಸುತ್ತಿದ್ದದ್ದನ್ನು ವರ್ಷಗಟ್ಟಲೆ ಮೇಲಿನಿಂದ ಕೇಳಿದ್ದವರು ಅವರು.

ಅನಘಾಳ ಕೂಸಿಗೆ ಹೆಸರಿಡುವ ದಿನ ನಾನು ಅವರನ್ನು ಕರೆಯಲಿಲ್ಲ. ಹೆಂಗಸರ ಕಾರ್ಯಕ್ರಮ, ಅವರಿಗೆ ಬೇಸರವಾದೀತು — ಹೀಗೇನೋ ನೆಪ. ತೊಟ್ಟಿಲ ಕೆಳಗಿಂದ ಮೇಲಕ್ಕೆ ಕೂಸನ್ನು ಕೈ ಬದಲಿಸಿ, ಕಿವಿಯಲ್ಲಿ ಹೆಸರು ಉಸುರಿದ ಮೇಲೆ ನಾನು ಹಾಡಿದೆ. ನಮ್ಮ ಮಹಿಳಾ ಬಳಗದ ಹಿರಿಯಳು, ಬೆಳಗಾವಿಯ ಸರೋಜಾ, ಕಣ್ಣೊರೆಸಿಕೊಂಡು ಕೇಳಿದಳು.

"ಎಷ್ಟ ಛಂದ ಐತ್ರಿ. ಯಾರ ಹಾಡ್ರಿ ಇದು?"

"ನಮ್ಮ ಅಜ್ಜಿದ್ರಿ."

ಎರಡೇ ಮಾತು. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ನಮ್ಮ ಮನೆಯಲ್ಲೂ ಹಾಡಿತ್ತು ಅನ್ನಿಸಿಕೊಳ್ಳುವ ಆಸೆ — ಅಷ್ಟೇ. ಗಂಡಸರ ಕಛೇರಿಯಲ್ಲಾದರೆ ಯಾವ ಘರಾಣೆ, ಯಾರ ಶಿಷ್ಯ ಎಂದು ಹತ್ತು ಪ್ರಶ್ನೆ ಕೇಳುತ್ತಾರೆ. ತೊಟ್ಟಿಲ ಹಾಡಿಗೆ ಅಜ್ಜಿ ಅಂದರೆ ಸಾಕು, ಮುಂದೆ ಯಾರೂ ಕೇಳುವುದಿಲ್ಲ. ಅದು ನನಗೆ ಗೊತ್ತಿತ್ತು.

ಹಾಡು ಫೋನಿನಿಂದ ಫೋನಿಗೆ ಹೋಯಿತು. ಮರುವರ್ಷ ಬಳಗದ ಕಾರ್ಯಕ್ರಮದಲ್ಲಿ ಹೆಂಗಸರೆಲ್ಲ ಸೇರಿ ಅದನ್ನು ಹಾಡುವುದೆಂದಾಯಿತು. ಅದನ್ನು ಅನಘಾ ಲೋಥರ್‌ಗೆ ಹೇಳಿಬಿಟ್ಟಳು. ಅವರು ಹಳೆಯ ಸೂಟು ತೊಟ್ಟು ಬಂದು ನನ್ನ ಪಕ್ಕದಲ್ಲಿ ಕುಳಿತರು. ಸರೋಜಾ ಮೈಕು ಹಿಡಿದು ಕನ್ನಡದಲ್ಲಿ ಭಾಷಣ ಮಾಡಿದಳು. ನಮ್ಮ ಮಣ್ಣಿನ ಹಾಡು, ತಲೆತಲಾಂತರದಿಂದ ಬಂದದ್ದು, ಬೀಸುವ ಕಲ್ಲಿನ ಲಯ ಇದರಲ್ಲಿದೆ — ಏನೇನೋ. ಬೀಸುವ ಕಲ್ಲನ್ನು ಅವಳೂ ನೋಡಿರಲಿಕ್ಕಿಲ್ಲ. ಹಾಡು ಮುಗಿದಾಗ ಸಭೆಯೆಲ್ಲ ಚಪ್ಪಾಳೆ. ಲೋಥರ್ ನನ್ನ ಕಡೆ ಬಾಗಿ ಇಂಗ್ಲಿಷಿನಲ್ಲಿ ಕೇಳಿದರು — ಆಕೆ ನನ್ನ ಹೆಸರು ಹೇಳಿದಳೇ?

"ಹೇಳಿದಳು," ಅಂದೆ.

ಅವರು ಮುಂದಿನ ಕುರ್ಚಿ ಹಿಡಿದು ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡು ಸಭೆಗೆ ನಮಸ್ಕರಿಸಿದರು — ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಯಾರೋ ಬಿಳಿ ಅಜ್ಜನಿಗೆ ನಮ್ಮ ಹಾಡು ಮೆಚ್ಚುಗೆಯಾಯಿತೆಂದು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ಕೈಗಳನ್ನು ಏನು ಮಾಡಲಿ ಹೇಳಿ.

ಆ ಚಳಿಗಾಲದಲ್ಲಿ ಲೋಥರ್ ಹೋದರು. ಚರ್ಚಿನಲ್ಲಿ ಅವರ ಸೋದರ ಸೊಸೆ ಮಾತಾಡಿದಳು. ಮಾವನ ಸಂಗೀತವನ್ನು ಅವರ ಹೆಸರು ಹೇಳಿ ನುಡಿಸಿದವರು ಯಾರೂ ಇರಲಿಲ್ಲ, ಕೊನೆಗೆ ಭಾರತದ ಜನ ಆ ಗೌರವ ಕೊಟ್ಟರು, ಅದನ್ನು ಅವರು ಆಸ್ಪತ್ರೆಯಲ್ಲಿ ನರ್ಸುಗಳಿಗೂ ಹೇಳುತ್ತಿದ್ದರು ಎಂದಳು. ಎಲ್ಲರೂ ತಿರುಗಿ ನನ್ನನ್ನು ನೋಡಿ ಮುಗುಳ್ನಕ್ಕರು. ನಾನೂ ಮುಗುಳ್ನಕ್ಕೆ.

ಆಮೇಲೂ ವರ್ಷಗಳು ಕಳೆದವು. ಹೋದ ತಿಂಗಳು, ಇನ್ನು ಆಗದು ಎನಿಸಿ, ಸರೋಜಾಳ ಮನೆಗೇ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಚಹಾ ಸೋಸುತ್ತಲೇ ಕೇಳಿದಳು. ಸಿಟ್ಟಾಗುತ್ತಾಳೆಂದುಕೊಂಡಿದ್ದೆ — ಆಗಬೇಕಿತ್ತು. ಅವಳು ನಕ್ಕಳು.

"ಏನರ ಒಂದ ಅಂತೀರಿ. ನಮ್ಮ ಆಯಿನೂ ಇದನ್ನ ಹಾಡತಿದ್ಲಲ್ಲ, ನಂಗ ಛಲೋ ನೆನಪೈತಿ."

ನನ್ನ ಸುಳ್ಳಿಗೆ ಈಗ ಅವಳ ಅಜ್ಜಿ ಸಾಕ್ಷಿ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಅವಳೊಬ್ಬಳೇ ಅಲ್ಲ, ಆಮೇಲೆ ಬಳಗದ ಉಳಿದವರಿಗೆ ಹೇಳಿದಾಗಲೂ ಇದೇ. ಗೋಕಾಕದ ಅತ್ತೆ ಹಾಡುತ್ತಿದ್ದರು ಅನ್ನುವವಳೊಬ್ಬಳು, ಗದಗಿನ ಕಡೆ ಇದಕ್ಕೆ ಇನ್ನೂ ಎರಡು ಸಾಲು ಇವೆ ಅನ್ನುವವಳು ಇನ್ನೊಬ್ಬಳು. ಜರ್ಮನಿಯವನಿಗೆ ನಮ್ಮ ಜೋಗುಳ ಹೇಗೆ ಬಂದೀತು, ಬೇಕಾದರೆ ನಿಮ್ಮಿಂದಲೇ ಕದ್ದಿರಬೇಕು ಎಂದಳು ಮತ್ತೊಬ್ಬಳು. ಕದ್ದಿರಬೇಕಂತೆ! ಅವರು ಕದ್ದರಂತೆ! ಅವರ ಕಪಾಟಿನ ತುಂಬ ಇದ್ದ ಸಂಗೀತವನ್ನು ಯಾರೂ ಮುಟ್ಟಲಿಲ್ಲ. ಮುಟ್ಟಿದ ಒಂದೇ ಒಂದನ್ನು ನಾವು ಹಾಡಹಗಲೇ ಹೊತ್ತುಕೊಂಡು ಬಂದು, ಈಗ ಅವರನ್ನೇ ಕಳ್ಳ ಅನ್ನುತ್ತಿದ್ದೇವೆ. ಈ ಜನರ ಮೇಲೆ ಕೂಗಾಡಬೇಕೆನಿಸುತ್ತದೆ. ಕೂಗಲು ಬಾಯಿ ತೆರೆದರೆ — ಮೊದಲು ಆ ಮಾತು ಹೇಳಿದ ಬಾಯಿ ಇದೇ.

ಬರುವ ಭಾನುವಾರ ಬರ್ಲಿಂಗ್ಟನ್‌ನಲ್ಲಿ ಒಂದು ಕೂಸಿಗೆ ಹೆಸರಿಡುತ್ತಾರೆ. ಅಜ್ಜಿಯ ಜೋಗುಳ ನೀವೇ ಹಾಡಬೇಕು ಎಂದು ನನ್ನನ್ನು ಕರೆದಿದ್ದಾರೆ. ಹೋಗುತ್ತೇನೆ. ಹಾಡುವ ಮೊದಲು ಅವರ ಹೆಸರು ಹೇಳುತ್ತೇನೆ, ನನ್ನ ಸುಳ್ಳನ್ನೂ ಹೇಳುತ್ತೇನೆ. ಶುಭ ಕಾರ್ಯದಲ್ಲಿ ಇದೇನು ಅನ್ನಲಿ, ತಲೆ ಕೆಟ್ಟಿದೆ ಅನ್ನಲಿ, ಮುಂದೆ ಕರೆಯದೆಯೂ ಇರಲಿ. ನಂಬುತ್ತಾರೆಂಬ ಭರವಸೆ ನನಗಿಲ್ಲ.

ಆದರೆ ಅದಕ್ಕೂ ಮೊದಲು ಒಬ್ಬರಿಗೆ ಉತ್ತರ ಕೊಡುವುದು ಬಾಕಿಯಿದೆ. ಆ ದಿನ ಚಪ್ಪಾಳೆಯ ನಡುವೆ ನೀವು ನನ್ನ ಕಡೆ ಬಾಗಿ ಕೇಳಿದಿರಿ — ಆಕೆ ನನ್ನ ಹೆಸರು ಹೇಳಿದಳೇ, ಎಂದು.

ಇಲ್ಲ, ಲೋಥರ್. ಹೇಳಲಿಲ್ಲ.