ಒಂದೇ ಡಬ್ಬಿಯ ಕೇಪುಗಳು

ಹಳೇ ಕೋವಿಯ ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪು ಸಿಡಿದ ಮೇಲೆ ಉಳಿಯುವ ವಾಸನೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ: ಸುಟ್ಟ ಬೆಂಕಿಕಡ್ಡಿ, ಬಿಸಿ ತಗಡು, ನಾಲಿಗೆಯ ಬುಡಕ್ಕೆ ಹತ್ತುವ ಸಣ್ಣ ಕಹಿ. ಎರಡು ವರ್ಷದ ಹಿಂದೆ ಅಮೆರಿಕದ ಡುಲುತ್‌ನಲ್ಲಿ ಅಶೋಕನ ಗ್ಯಾರೇಜಿಗೆ ಹಳೆಯ ಟೇಬಲ್ಲೊಂದಕ್ಕೆ ಚೌಕಾಸಿ ಮಾಡಲು ಹೋದಾಗ ಅದೇ ವಾಸನೆ ಎದುರಾಯಿತು. ಅಶೋಕ ಹುಬ್ಬಳ್ಳಿ ಕಡೆಯ ಇಂಜಿನಿಯರ್, ಹಳೇ ಕಾಲದ ಕೋವಿಗಳ ಹುಚ್ಚಿನವನು. ಕೋವಿಡ್ ಕಾಲದಲ್ಲಿ ಅಂಗಡಿಯಲ್ಲಿ ಕೇಪು ಸಿಗದೆ ಮನೆಯಲ್ಲೇ ಮಾಡಲು ಕಲಿತಿದ್ದ. "ಅಂಗಡಿ ಮಾಲಿಗಿಂತ ಛಲೋ ಅದಾವ ಅಕ್ಕಾ, ಫುಲ್ ಹೋಮ್‌ಮೇಡ್," ಎಂದು ಕಾಫಿ ಡಬ್ಬಿ ತೋರಿಸಿದ. ಅರ್ಧ ತುಂಬಿತ್ತು. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಹಳಿಯಾಳದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾ, ಬೀಗ ರಿಪೇರಿ ಮಾಡುತ್ತಿದ್ದರು. ಕಾಡುಹಂದಿಯಿಂದ ಬೆಳೆ ಕಾಯುವ ರೈತರ ಕೋವಿಗೆ ಕದ್ದುಮುಚ್ಚಿ ಕೇಪನ್ನೂ ಮಾಡಿಕೊಡುತ್ತಿದ್ದರು. ಅಲ್ಲಿ ಯಂತ್ರದ ಎಣ್ಣೆಯ ವಾಸನೆ, ಅರದ ಕಿರಿಕಿರಿ, ಹೊರಗೆ ಅವರ ಹೆಂಡತಿ ಕಾಕೂ ಹುರಿಯುವ ಶೇಂಗಾದ ಘಮ. ಹತ್ತು ಕೇಪಿಗೊಂದು ಖಾಲಿ ಬೆಂಕಿಪೊಟ್ಟಣ, ನಡುವೆ ಅರಳೆ, ಪೊಟ್ಟಣಕ್ಕೊಂದು ಗೂಡು. "ಒಂದಕ್ಕ ಸಿಟ್ಟು ಬಂದ್ರ ಇನ್ನೊಂದಕ್ಕ ಕೇಳಿಸಬಾರದವಾ," ಎನ್ನುತ್ತಿದ್ದರು. ನನಗೆ ಹತ್ತು ವರ್ಷ. ಪೊಟ್ಟಣದ ಮೇಲಿನ ಚಿತ್ರಗಳನ್ನು ಕೂಡಿಡುವ ಚಟ. ಹುಲಿ, ಹಡಗು, ಕುದುರೆ ಎಲ್ಲ ಕಾಕಾನ ಗೂಡಿನಲ್ಲೇ ಸೆರೆಯಾಗಿದ್ದವು. ಮೂರು ದಿನ ಬೆನ್ನು ಬಿಡದೆ ಚೌಕಾಸಿ ಮಾಡಿದೆ. "ಇಷ್ಟ್ ಪೊಟ್ಟಣ ಯಾಕ ಕಾಕಾ? ಆ ಬಿಸ್ಕೀಟ್ ಡಬ್ಬಿ ಒಂದ ಸಾಕಲ್ಲ." ನಾಲ್ಕನೆಯ ದಿನ ಕಾಕಾ ಸೋತು, ಕೇಪುಗಳನ್ನೆಲ್ಲ ಡಬ್ಬಿಗೆ ಸುರಿದು ಪೊಟ್ಟಣಗಳನ್ನು ನನ್ನ ಲಂಗದ ಉಡಿಗೆ ಹಾಕಿದರು.

ಮರುದಿನ ಮಧ್ಯಾಹ್ನ ಬಿಗಿಯಾದ ಮುಚ್ಚಳವನ್ನು ತಿರುಚಿದರು. ಒಂದಕ್ಕೆ ಸಿಟ್ಟು ಬಂತು, ಎಲ್ಲಕ್ಕೂ ಕೇಳಿಸಿತು. ಬಲಗೈಯ ಮೂರು ಬೆರಳು ಹೋದವು. ಆಸ್ಪತ್ರೆಯಲ್ಲಿ ಕಾಕೂ ಅಳುತ್ತ, "ಒಂದ ಡಬ್ಬ್ಯಾಗ ಯಾಕ ತುಂಬಿದ್ರಿ?" ಎಂದರೆ, ಕಾಕಾ ನನ್ನ ಕಡೆ ನೋಡದೆ, "ನನ್ನ ಬುದ್ಧಿ ಮಣ್ಣು ತಿನ್ನಾಕ ಹೋಗಿತ್ತು," ಎಂದರು.

ಯಾರಿಗೂ ಹೇಳದ ಇದನ್ನು ಅಶೋಕನನ್ನು ಡ್ರೈವ್‌ವೇಗೆ ಎಳೆದು ತಂದು ಹೇಳಿದೆ. ಅವನು ತನ್ನ ಬಲಗೈಯನ್ನೇ ನೋಡಿಕೊಂಡ.

"ನಾ ಕೇರ್‌ಫುಲ್ ಇರ್ತೀನಿ ಅಕ್ಕಾ. ಈಗ ಹಿತ್ತಲದಾಗ ಹೂಳಿ ಬಿಡ್ಲೇನು?"

"ಡಬ್ಬಿ ಮುಟ್ಟಬ್ಯಾಡ. ಫೈರ್ ಡಿಪಾರ್ಟ್‌ಮೆಂಟಿಗೆ ಕಾಲ್ ಮಾಡು."

"ನನ್ ಹೆಂಡ್ತಿಗೆ ಗೊತ್ತಾಗ್ತದ."

"ಗೊತ್ತಾಗ್ಲಿ. ಬೈಗುಳ ತಿನ್ನಾಕ ಕೈ ಇರ್ತಾವಲ್ಲ."

ಫೈರ್ ಡಿಪಾರ್ಟ್‌ಮೆಂಟಿನವರು ಬಂದು ಡಬ್ಬಿಯನ್ನು ಜೋಪಾನವಾಗಿ ಒಯ್ದರು. ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ನನ್ನ ಮಾತು ಕೇಳಿ: ಅಲುಗಾಡಿಸಬೇಡಿ, ನೀವೇ ಒಯ್ಯಬೇಡಿ, ಬಲ್ಲವರನ್ನು ಕರೆಯಿರಿ. ಹೊಸದನ್ನಂತೂ ಮಾಡಲೇಬೇಡಿ.

ಅಶೋಕನ ಬೆರಳು ಉಳಿದವು. ನನ್ನ ತಳಮಳ ಉಳಿದೇ ಇದೆ. ತಪ್ಪು ಒಪ್ಪಿಕೊಳ್ಳೋಣವೆಂದರೆ ಕಾಕಾ ಈಗಿಲ್ಲ, ಕಾಕೂ ಇಲ್ಲ, ಆ ಕೋಣೆಯಿದ್ದ ಜಾಗದಲ್ಲಿ ಈಗ ಯಾರದೋ ಬಟ್ಟೆ ಅಂಗಡಿ. ನನ್ನ ಮದುವೆಯ ದಿನ ಕಾಕಾ ಎಡಗೈಯಲ್ಲಿ ಅಕ್ಷತೆ ಹಿಡಿದದ್ದು ಕಂಡು ಯಾರೋ, ಎಡಗೈಯಿಂದ ಹಾಕಬಾರದು ಎಂದರು. ಕಾಕಾ ಅಕ್ಷತೆಯನ್ನು ಕಾಕೂನ ಅಂಗೈಗೆ ಸುರಿದು, ಅದರಡಿಗೆ ತಮ್ಮ ಎರಡು ಬೆರಳಿನ ಬಲಗೈಯನ್ನು ಆಸರೆಯಾಗಿ ಹಿಡಿದು, ನನ್ನ ತಲೆಯವರೆಗೆ ಎತ್ತಿದರು.