ಅಜ್ಜನ ಪಾಲಿನ ತಟ್ಟೆ

ಅಜ್ಜ ಸ್ಲೊವಾಕ್ ನಾಡಿನವನು. ಒಡೆದ ಮಡಕೆಗಳಿಗೆ ತಂತಿ ಬಿಗಿಯುತ್ತ, ಊರೂರು ಅಲೆಯುತ್ತ ಹುಬ್ಬಳ್ಳಿಗೆ ಬಂದು, ಇಲ್ಲಿಯ ಕ್ರೈಸ್ತರ ಹುಡುಗಿಯನ್ನು ಮದುವೆಯಾಗಿ, ಇಲ್ಲೇ ಮಣ್ಣಾದ. ಕೇರಿಯಲ್ಲೆಲ್ಲ ಬೆಕ್ಕಿನ ಕಣ್ಣು ಇದ್ದದ್ದು ನನಗೊಬ್ಬಳಿಗೇ. "ನೀ ಯಾರ ಪೈಕಿ ಬೇ?" ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ರೋಸಿಹೋಗಿ, ಮೂವತ್ತರ ದಶಕದಲ್ಲಿ ಅವನ ವಂಶಾವಳಿ ಬರೆಯುವ ಹಟಕ್ಕೆ ಬಿದ್ದೆ. ಅಜ್ಜನ ಮಗಳು, ಧಾರವಾಡದ ನನ್ನ ಸೋದರತ್ತೆ, ಟ್ರಂಕಿನ ತಳದಿಂದ ಅವನ ಊರಿನ ವಿಳಾಸ ಹುಡುಕಿಕೊಟ್ಟಳು. ಅವನ ಮದುವೆ, ಮಕ್ಕಳು, ಸಾವು ಎಲ್ಲವನ್ನೂ ಬರೆದು ಕಳಿಸಿದೆವು.

ಎಂಟು ತಿಂಗಳಿಗೆ ಉತ್ತರ ಬಂತು. ಜರ್ಮನ್ ಭಾಷೆಯಲ್ಲಿದ್ದ ಅದನ್ನು ನಮ್ಮ ಚರ್ಚಿನ ಜರ್ಮನ್ ಪಾದ್ರಿಗಳು ಕನ್ನಡದಲ್ಲಿ ಹೇಳಿದರು. ಅಜ್ಜನ ತಮ್ಮನ ಮಗಳು ನಾಲ್ಕು ತಲೆಮಾರಿನ ಹೆಸರು ಕೊಟ್ಟಿದ್ದಳು. ಕೊನೆಗೆ ಹೀಗೆ ಬರೆದಿದ್ದಳು: "ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಊಟಕ್ಕೆ ಕೂರುವಾಗ, ದೂರ ಹೋದವರಿಗೆಂದು ನಮ್ಮಲ್ಲಿ ಒಂದು ತಟ್ಟೆ ಹೆಚ್ಚಿಗೆ ಇಡುತ್ತೇವೆ. ದೊಡ್ಡಪ್ಪ ಮನೆ ಬಿಟ್ಟಂದಿನಿಂದ ಅದು ಅವನದೇ. ತೀರಿಕೊಂಡದ್ದು ನಿಮ್ಮ ಪತ್ರದಿಂದ ತಿಳಿಯಿತು. ಈ ಸಲ ಇಡಲಿಲ್ಲ."

ಹೆಸರುಗಳನ್ನು ಬರೆದುಕೊಳ್ಳಲು ನಾನು ಪೆನ್ನು ತೆಗೆದೆ. ಅತ್ತೆ ನನ್ನ ಕೈ ಹಿಡಿದು ತಡೆದಳು.

"ನಾವು ಪತ್ರ ಬರೀಬಾರದಾಗಿತ್ತವ್ವಾ. ಅಲ್ಲಿ ಅಪ್ಪ ಇನ್ನೂ ಜೀವಂತ ಇದ್ದ."